ಟೈಮ್‌ಲೈನ್‌ನಲ್ಲಿ ಚೂಪು, ಎಕ್ಸ್‌ಪೋರ್ಟ್ ಆದ ಮೇಲೆ ಮಬ್ಬು: ಟೈಟಲ್ ಕೆಡುವುದು ಎಲ್ಲಿ?

ಪ್ರಶ್ನೆ: ಪಾಠದ ವಿಡಿಯೊಗಳನ್ನು ಎಡಿಟ್ ಮಾಡುತ್ತೇನೆ. ಎಡಿಟ್ ಮಾಡುವಾಗ ಮಾನಿಟರ್‌ನಲ್ಲಿ ಟೈಟಲ್‌ಗಳು ಚೆನ್ನಾಗಿಯೇ ಕಾಣುತ್ತವೆ. 1080ಪಿ, ಎಚ್.264 (ವಿಡಿಯೊ ಕುಗ್ಗಿಸುವ ಒಂದು ವಿಧಾನ)ನಲ್ಲಿ ಎಕ್ಸ್‌ಪೋರ್ಟ್ ಮಾಡಿ ನೋಡಿದರೆ ನೀಲಿ ಪಟ್ಟಿಯ ಮೇಲಿನ ಕೆಂಪು ಅಕ್ಷರಗಳ ಅಂಚು ಕದಡಿಹೋಗಿರುತ್ತದೆ, ಲೋಗೊ ಸುತ್ತ ಸಣ್ಣದೊಂದು ಕಪ್ಪು ಗೆರೆ ಬರುತ್ತದೆ, ಕೊನೆಯಲ್ಲಿ ಮೇಲಕ್ಕೆ ಸರಿಯುವ ಹೆಸರುಗಳು ನಡುಗುತ್ತವೆ. ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೊಗೆ ಬಳಸುವ ಡೇಟಾ) ಏರಿಸಿ ಎಂದರು, 10ರಿಂದ 50 ಎಂಬಿಪಿಎಸ್‌ಗೆ ಏರಿಸಿದೆ. ಫೈಲ್ ದೊಡ್ಡದಾಯಿತು, ಅಕ್ಷರ ಹಾಗೇ ಇದೆ. ಲೋಗೊವನ್ನು 300 ಡಿಪಿಐನಲ್ಲಿ ಮಾಡಿಸಿದೆ, ಅದರಿಂದಲೂ ಏನೂ ಆಗಲಿಲ್ಲ. ಈಗ ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಎನ್ನುತ್ತಿದ್ದಾರೆ. ತಪ್ಪು ಎಲ್ಲಿದೆ? ಈಗಾಗಲೇ ಹೊರಬಿದ್ದಿರುವ ವಿಡಿಯೊಗಳನ್ನು ಸರಿಮಾಡಬಹುದೇ?

ಉತ್ತರ: ಕಾರ್ಡ್ ಈಗಲೇ ಕೊಳ್ಳಬೇಡಿ. ನೀವು ಹೇಳಿರುವುದು ಒಂದು ಕಾಯಿಲೆಯಲ್ಲ, ಮೂರು. ಮೂರೂ ಎಕ್ಸ್‌ಪೋರ್ಟ್ ಆದ ಮೇಲೆಯೇ ಕಣ್ಣಿಗೆ ಬಿದ್ದಿವೆ, ಹಾಗಾಗಿ ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನ ಮೇಲೆ ಅನುಮಾನ ಬರುವುದು ಸಹಜ. ಆದರೆ ಕೆಂಪು ಅಕ್ಷರ ಕದಡುವುದಕ್ಕೂ ಲೋಗೊದ ಕಪ್ಪು ಗೆರೆಗೂ ಹೆಸರುಗಳ ನಡುಕಕ್ಕೂ ಸಂಬಂಧವೇ ಇಲ್ಲ. ಬಿಟ್‌ರೇಟ್ ಐದು ಪಟ್ಟು ಏರಿಸಿದರೂ ಒಂದೂ ಜಗ್ಗದಿದ್ದುದು ಅದಕ್ಕೇ.

ಟೈಮ್‌ಲೈನ್‌ನಲ್ಲಿರುವ ಟೈಟಲ್ ಇನ್ನೂ ಚಿತ್ರವಾಗಿರುವುದಿಲ್ಲ. ಯಾವ ಫಾಂಟ್, ಎಷ್ಟು ದೊಡ್ಡದು, ಯಾವ ಬಣ್ಣ, ಎಲ್ಲಿ ಕೂರಬೇಕು ಎಂಬ ಸೂಚನೆಗಳಷ್ಟೇ ಅಲ್ಲಿರುತ್ತವೆ. ಪ್ರತಿ ಫ್ರೇಮಿಗೂ ಸಾಫ್ಟ್‌ವೇರ್ ಫಾಂಟ್‌ನ ಹೊರರೇಖೆ ತೆಗೆದುಕೊಂಡು ಪಿಕ್ಸೆಲ್‌ಗಳಲ್ಲಿ ಅಕ್ಷರ ಬರೆಯುತ್ತದೆ. ಪ್ರಿವ್ಯೂ ಓಡುವಾಗ ವೇಗಕ್ಕಾಗಿ ಅರ್ಧ ಅಥವಾ ಕಾಲು ಗಾತ್ರದಲ್ಲಿ ಬರೆದು ತೋರಿಸುವುದೂ ಉಂಟು. ಎಕ್ಸ್‌ಪೋರ್ಟ್ ಒತ್ತಿದಾಗ ಪೂರ್ತಿ ಗಾತ್ರದಲ್ಲಿ ಮತ್ತೆ ಬರೆದು, ಅದರ ಪಾರದರ್ಶಕತೆಯನ್ನು ನೋಡಿಕೊಂಡು ಕೆಳಗಿನ ದೃಶ್ಯದ ಜೊತೆ ಬೆರೆಸುತ್ತದೆ. ಇಲ್ಲಿಯವರೆಗಿನದು ರೆಂಡರ್. ಆಮೇಲೆ ಆ ಫ್ರೇಮ್, ಅದನ್ನು ಕುಗ್ಗಿಸಿ ಫೈಲಿಗೆ ಸೇರಿಸುವ ಎನ್‌ಕೋಡರ್ ಕೈಗೆ ಹೋಗುತ್ತದೆ. ಅಲ್ಲಿ ಕೆಂಪು-ಹಸಿರು-ನೀಲಿ ಎಂಬ ಲೆಕ್ಕ ಹೋಗಿ ಹೊಳಪು ಬೇರೆ, ಬಣ್ಣ ಬೇರೆ ಆಗುತ್ತದೆ, ಬಣ್ಣದ ಪಾಲು ಕತ್ತರಿಸಲ್ಪಡುತ್ತದೆ, ಉಳಿದದ್ದು ಕುಗ್ಗುತ್ತದೆ. ಕೊನೆಗೆ ಸಿಗುವ ಎಂಪಿ4ನಲ್ಲಿ ಅಕ್ಷರ ಎಂಬುದೇ ಇರುವುದಿಲ್ಲ, ಬರೀ ಪಿಕ್ಸೆಲ್. 'ಟೈಟಲ್ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಕೆಡದ ರೇಖಾಚಿತ್ರ) ತಾನೆ, ಅದು ಹೇಗೆ ಮಬ್ಬಾಗುತ್ತದೆ?' ಎಂದು ಕೇಳುವವರು ಮರೆಯುವುದು ಇದನ್ನೇ.

ಹಾಗಾದರೆ ನಿಮ್ಮ ಟೈಟಲ್ ಕೆಟ್ಟಿದ್ದು ರೆಂಡರ್‌ನಲ್ಲೋ ಎನ್‌ಕೋಡ್‌ನಲ್ಲೋ? ಇದು ಗೊತ್ತಾಗುವವರೆಗೆ ಒಂದೇ ಒಂದು ಸೆಟ್ಟಿಂಗ್ ಮುಟ್ಟಬೇಡಿ. ಕಂಡುಹಿಡಿಯಲು ಐದು ನಿಮಿಷ ಸಾಕು. ಟೈಟಲ್ ಇರುವ ಜಾಗದಲ್ಲಿ ನಿಂತು ಆ ಒಂದು ಫ್ರೇಮನ್ನು ಪಿಎನ್‌ಜಿ ಚಿತ್ರವಾಗಿ ಹೊರತೆಗೆಯಿರಿ, ಹೆಚ್ಚುಕಡಿಮೆ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಈ ಸೌಲಭ್ಯ ಇದೆ. ಎಕ್ಸ್‌ಪೋರ್ಟ್ ಆದ ಎಂಪಿ4 ಅನ್ನು ಅದೇ ಟೈಮ್‌ಲೈನ್‌ಗೆ ತಂದು ಅದೇ ಫ್ರೇಮಿನಲ್ಲಿ ನಿಲ್ಲಿಸಿ. ಎರಡನ್ನೂ 400 ಪ್ರತಿಶತ ದೊಡ್ಡದು ಮಾಡಿ ಅಕ್ಕಪಕ್ಕ ನೋಡಿ. ಪಿಎನ್‌ಜಿಯಲ್ಲಿ ಅಕ್ಷರ ಚೂಪಾಗಿದ್ದು ಎಂಪಿ4ನಲ್ಲಿ ಕದಡಿದ್ದರೆ ರೆಂಡರ್ ಸರಿಯಿದೆ, ಎನ್‌ಕೋಡಿಂಗ್ ಕಡೆ ನೋಡಬೇಕು. ಪಿಎನ್‌ಜಿಯೇ ಮಬ್ಬಾಗಿದ್ದರೆ ತಪ್ಪು ಟೈಮ್‌ಲೈನ್‌ನಲ್ಲಿದೆ, ಬಿಟ್‌ರೇಟನ್ನು ಎಲ್ಲಿಗೆ ಏರಿಸಿದರೂ ಅದು ಹೋಗುವುದಿಲ್ಲ. ಅಂದಹಾಗೆ, ಅಷ್ಟು ದೊಡ್ಡದು ಮಾಡಿದಾಗ ಅಕ್ಷರದ ಅಂಚಿನಲ್ಲಿ ಒಂದೆರಡು ಬೂದು ಪಿಕ್ಸೆಲ್ ಕಂಡರೆ ಗಾಬರಿಯಾಗಬೇಡಿ. ಮೆಟ್ಟಿಲು ಮೆಟ್ಟಿಲಾಗಿ ಕಾಣಬಾರದೆಂದು ಸಾಫ್ಟ್‌ವೇರ್ ಬೇಕೆಂದೇ ಹಾಕುವ ಮೆದು ಅಂಚು ಅದು.

ನಿಮ್ಮ ವಿವರಣೆ ನೋಡಿದರೆ ಕೆಂಪು ಅಕ್ಷರದ್ದು ಎನ್‌ಕೋಡಿಂಗ್ ಕಡೆಯದು, ಲೋಗೊ ಮತ್ತು ನಡುಕ ಟೈಮ್‌ಲೈನ್ ಕಡೆಯವು ಎಂದು ನನ್ನ ಅಂದಾಜು.

ನೀಲಿಯ ಮೇಲೆ ಕೆಂಪು

ಎಚ್.264ನಲ್ಲಿ ಸಾಮಾನ್ಯವಾಗಿ ಬಳಸುವುದು 4:2:0 ಎಂಬ ಪದ್ಧತಿ. 1920×1080ರ ಫ್ರೇಮಿನಲ್ಲಿ ಹೊಳಪಿನ ಮಾಹಿತಿ ಪೂರ್ತಿ 1920×1080 ಇರುತ್ತದೆ, ಬಣ್ಣದ ಮಾಹಿತಿ ಮಾತ್ರ 960×540. ಅಂದರೆ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣ. ನಮ್ಮ ಕಣ್ಣು ಹೊಳಪಿನ ವ್ಯತ್ಯಾಸವನ್ನು ಹಿಡಿದಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸವನ್ನು ಹಿಡಿಯುವುದಿಲ್ಲ, ಆದ್ದರಿಂದ ಕ್ಯಾಮೆರಾದ ದೃಶ್ಯಗಳಲ್ಲಿ ಈ ಉಳಿತಾಯ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಗ್ರಾಫಿಕ್ಸ್‌ನಲ್ಲಿ, ಅದರಲ್ಲೂ ನೀವು ಆರಿಸಿಕೊಂಡಂಥ ಜೋಡಿಯಲ್ಲಿ.

ಯಾಕೆಂದರೆ ಎಚ್‌ಡಿ ವಿಡಿಯೊದ ಬಿಟಿ.709 ಮಾನದಂಡದಲ್ಲಿ ಹೊಳಪನ್ನು ಲೆಕ್ಕಹಾಕುವಾಗ ಹಸಿರಿಗೆ 0.7152, ಕೆಂಪಿಗೆ 0.2126, ನೀಲಿಗೆ 0.0722 ತೂಕ. ಶುದ್ಧ ನೀಲಿಯ ಮೇಲೆ ಶುದ್ಧ ಕೆಂಪು ಬರೆದರೆ ಎರಡರ ಹೊಳಪಿನ ಅಂತರ ಬರೀ 14 ಪ್ರತಿಶತ. ಅಕ್ಷರ ಕಾಣುವುದೆಲ್ಲ ಬಣ್ಣದ ವ್ಯತ್ಯಾಸದಿಂದ, ಆ ಬಣ್ಣದ ಮಾಹಿತಿಯೇ ಅರ್ಧ ಅಗಲ, ಅರ್ಧ ಎತ್ತರಕ್ಕೆ ಇಳಿದಿದೆ. ಅದೇ ನೀಲಿಯ ಮೇಲೆ ಹಳದಿ ಬರೆದರೆ ಅಂತರ ಸುಮಾರು 86, ಬಿಳಿ ಬರೆದರೆ ಸುಮಾರು 93 ಪ್ರತಿಶತ. ಆಗ ಅಂಚನ್ನು ಹಿಡಿದಿಡುವುದು ಪೂರ್ತಿ ಗಾತ್ರದ ಹೊಳಪು, ಬಣ್ಣ ಅತ್ತಿತ್ತ ಸರಿದರೂ ಅಕ್ಷರ ಚೂಪಾಗಿಯೇ ಇರುತ್ತದೆ. ಎಕ್ಸ್‌ಪೋರ್ಟ್‌ಗೆ ಮೊದಲು ಮಾನಿಟರ್‌ನಲ್ಲಿ ಚೆನ್ನಾಗಿ ಕಂಡದ್ದಕ್ಕೂ ಇದೇ ಕಾರಣ: ಅಲ್ಲಿ ನೀವು ನೋಡುತ್ತಿದ್ದುದು ಬಣ್ಣ ಕತ್ತರಿಸುವುದಕ್ಕೆ ಮುಂಚಿನ ಟೈಟಲ್.

ಕನ್ನಡ ಬರೆಯುವವರಿಗೆ ಇದರ ಪೆಟ್ಟು ಸ್ವಲ್ಪ ಹೆಚ್ಚು. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ಅವುಗಳ ಗೆರೆ ಇನ್ನೂ ಸಣ್ಣದು. 'ಸ್ತ್ರೀ' ಎಂದು ಬರೆದು ದೊಡ್ಡದು ಮಾಡಿ ನೋಡಿ. ಮೇಲಿನ ಅಕ್ಷರ ಓದಲು ಬರುತ್ತದೆ, ಕೆಳಗಿನ ತಕಾರದ ಒತ್ತೂ ಅದರ ಪಕ್ಕದ ರಕಾರದ ಸುಳಿಯೂ ಮೂರು ಪಿಕ್ಸೆಲ್‌ಗಿಂತ ದಪ್ಪವಿಲ್ಲದಿದ್ದರೆ ಬಣ್ಣದ ಮಟ್ಟಿಗೆ ಒಂದೂವರೆ ಪಿಕ್ಸೆಲ್ ಉಳಿದು, ಒಂದು ನೇರಳೆ ಕಲೆಯಾಗಿಬಿಡುತ್ತವೆ.

ಬಿಟ್‌ರೇಟ್ ಏಕೆ ನೆರವಾಗಲಿಲ್ಲ ಎಂಬುದು ಈಗ ಸ್ಪಷ್ಟವಾಗಿರಬೇಕು. ಬಣ್ಣ ಕತ್ತರಿಸಿದ ಮೇಲೆ ಉಳಿದದ್ದನ್ನು ಎಷ್ಟು ನಿಷ್ಠೆಯಿಂದ ಇಡಬೇಕು ಎಂಬುದನ್ನು ಮಾತ್ರ ಬಿಟ್‌ರೇಟ್ ತೀರ್ಮಾನಿಸುತ್ತದೆ. ಮೊದಲೇ ಹೋದದ್ದನ್ನು ಅದು ತರಲಾರದು. ಹಾಗೆಂದು ಬಿಟ್‌ರೇಟ್ ಸುಳ್ಳು ಎಂದಲ್ಲ. ಅಲೆಯಾಡುವ ನೀರಿನ ಮೇಲೆ, ಗಾಳಿಗೆ ಅಲುಗುವ ಎಲೆಗಳ ಮೇಲೆ ಟೈಟಲ್ ಕೂತಾಗ, ನಿಧಾನವಾಗಿ ಫೇಡ್ ಆಗುವಾಗ, ಅಕ್ಷರದ ಸುತ್ತ ನುಸಿ ಹಾರಾಡಿದಂಥ ಕಲಸು ಕಂಡಾಗ ಅದು ಖಂಡಿತ ಬೇಕು. ಯೂಟ್ಯೂಬ್‌ಗೆ ಹಾಕುವುದಾದರೆ 24ರಿಂದ 30 ಫ್ರೇಮಿನ ಮಾಮೂಲಿ 1080ಪಿಗೆ ಅವರು ಸೂಚಿಸುವುದು 8 ಎಂಬಿಪಿಎಸ್, 4ಕೆಗೆ 35ರಿಂದ 45. ನಿಮ್ಮ 50 ಅದನ್ನೂ ಮೀರಿದೆ. ಅದೂ ಅಲ್ಲದೆ ಅವರು ಅದನ್ನು ಮತ್ತೆ ಎನ್‌ಕೋಡ್ ಮಾಡಿಯೇ ಮಾಡುತ್ತಾರೆ.

ನಿಮಗಿರುವ ದಾರಿಗಳಲ್ಲಿ ಅತಿ ಅಗ್ಗದ್ದು ಬಣ್ಣ ಬದಲಿಸುವುದು. ಅಕ್ಷರ ಬಿಳಿ ಅಥವಾ ಹಳದಿಯಾಗಲಿ, ಕೆಂಪು ಬೇಕೇ ಬೇಕೆಂದರೆ ಅದನ್ನು ಪಟ್ಟಿಗೆ ಬಳಸಿ. ಸಂಸ್ಥೆಯ ಬಣ್ಣವೆಂದು ಕೆಂಪು ಅಕ್ಷರವನ್ನೇ ಉಳಿಸಬೇಕಾದರೆ ಅದಕ್ಕೊಂದು ಬಿಳಿ ಅಂಚು ಕೊಡಿ, ಗೆರೆ ದಪ್ಪವಿರುವ ಫಾಂಟ್ ಆರಿಸಿ. ಎರಡನೆಯದು 4ಕೆಯಲ್ಲಿ ಎಕ್ಸ್‌ಪೋರ್ಟ್ ಮಾಡುವುದು. ಆಗ ಬಣ್ಣದ ಮಾಹಿತಿ 1920×1080 ಆಗುತ್ತದೆ, 1080ಪಿ ಪರದೆಯಲ್ಲಿ ನೋಡುವವರಿಗೆ ಕೊರತೆ ಕಾಣುವುದಿಲ್ಲ. ಆದರೆ ಸೀಕ್ವೆನ್ಸ್ (ಎಡಿಟ್ ನಡೆಯುವ ಟೈಮ್‌ಲೈನ್) ಕೂಡ 4ಕೆ ಇದ್ದು ಟೈಟಲ್ ಆ ಗಾತ್ರದಲ್ಲೇ ರೆಂಡರ್ ಆಗಬೇಕು. 1080ರಲ್ಲಿ ಬರೆದದ್ದನ್ನು ಹಿಗ್ಗಿಸಿದರೆ ಅಕ್ಷರದಲ್ಲಿ ಹೊಸ ವಿವರವೇನೂ ಹುಟ್ಟುವುದಿಲ್ಲ. ರೆಂಡರ್ ಸಮಯ, ಫೈಲ್ ಗಾತ್ರ ಎರಡೂ ಏರುತ್ತವೆ, ಪಾಠದ ವಿಡಿಯೊಗೆ ಅಷ್ಟು ಬೇಕೇ ಎಂದು ನೀವೇ ತೂಗಿ ನೋಡಬೇಕು. ಮೂರನೆಯದು 4:4:4ರಲ್ಲಿ ಎಚ್.264. ಮಾನದಂಡದಲ್ಲಿ ಅದಕ್ಕೆ ಅವಕಾಶ ಇದೆ, ಆದರೆ ಎಷ್ಟೋ ಫೋನ್, ಟಿವಿಗಳಲ್ಲಿ ಓಡುವುದಿಲ್ಲ. ನೋಡುಗರಿಗೆ ಕಳಿಸುವ ಫೈಲಿಗೆ ಇದನ್ನು ನಾನು ಹೇಳುವುದಿಲ್ಲ.

ಓದಲಿಕ್ಕೆಂದೇ ಹಾಕುವ ಸಾಲುಗಳಿಗೆ, ಅಂದರೆ ಮಾತಿನ ಸಬ್‌ಟೈಟಲ್‌ಗಳಿಗೆ, ಇನ್ನೊಂದು ದಾರಿ ಇದೆ: ಚಿತ್ರದೊಳಗೆ ಸುಡದೆ ಎಸ್‌ಆರ್‌ಟಿ ಎಂಬ ಪಠ್ಯದ ಫೈಲಾಗಿ ಪ್ರತ್ಯೇಕ ಕೊಡುವುದು. ಆಗ ಅಕ್ಷರ ಬರೆಯುವುದು ನೋಡುಗರ ಪ್ಲೇಯರ್, ಕುಗ್ಗುವ ಪ್ರಶ್ನೆಯೇ ಬರುವುದಿಲ್ಲ. ಫಾಂಟ್ ಮತ್ತು ಅಂದಚೆಂದ ನಿಮ್ಮ ಕೈಯಲ್ಲಿರುವುದಿಲ್ಲ, ಅಷ್ಟೇ.

ಲೋಗೊ ಸುತ್ತಲಿನ ಕಪ್ಪು ಗೆರೆ

300 ಡಿಪಿಐ ವಿಷಯ ಮೊದಲು ಮುಗಿಸುತ್ತೇನೆ. ಡಿಪಿಐ ಎಂಬುದು ಕಾಗದದ ಮೇಲೆ ಒಂದಿಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ. ವಿಡಿಯೊಗೆ ಇಂಚು ಗೊತ್ತಿಲ್ಲ. 400 ಪಿಕ್ಸೆಲ್ ಅಗಲದ ಲೋಗೊ 72 ಡಿಪಿಐ ಇರಲಿ, 300 ಇರಲಿ, ಟೈಮ್‌ಲೈನ್‌ನಲ್ಲಿ 400 ಪಿಕ್ಸೆಲ್ಲೇ. ಮಾಡಿಸಿಕೊಳ್ಳುವಾಗ 'ಇಷ್ಟು ಪಿಕ್ಸೆಲ್ ಅಗಲ' ಎಂದು ಕೇಳಿ.

ಗೆರೆ ಬರುವುದು ಪಾರದರ್ಶಕತೆಯ ಲೆಕ್ಕ ತಪ್ಪುವುದರಿಂದ. ಅಂಚಿನ ಒಂದು ಪಿಕ್ಸೆಲ್ ತೆಗೆದುಕೊಳ್ಳೋಣ. ಲೋಗೊ ಬಿಳಿ, ಅಂಚಿನಲ್ಲಿ ಅರ್ಧ ಪಾರದರ್ಶಕ, ಹಿನ್ನೆಲೆ 200 ಹೊಳಪಿನ ತಿಳಿ ಬೂದು. ಬಿಳಿಯ ಬೆಲೆ 255, ಅದರ ಅರ್ಧ ಸುಮಾರು 128. ಹಿನ್ನೆಲೆಯ ಅರ್ಧ 100. ಕೂಡಿದರೆ 228, ಬಿಳಿಗೂ ಬೂದಿಗೂ ನಡುವಿನ ಬೆಲೆ, ಸರಿಯಾಗಿದೆ. ಆದರೆ ಕೆಲವು ಫೈಲ್‌ಗಳಲ್ಲಿ ಅಂಚಿನ ಬಣ್ಣವನ್ನು ಮೊದಲೇ ಪಾರದರ್ಶಕತೆಯಿಂದ ಗುಣಿಸಿ 128 ಎಂದು ಇಟ್ಟಿರುತ್ತಾರೆ, ಇದಕ್ಕೆ ಪ್ರೀಮಲ್ಟಿಪ್ಲೈಡ್ ಎನ್ನುತ್ತಾರೆ. ಹಾಗೆ ಗುಣಿಸದೆ ಇಟ್ಟದ್ದು ಸ್ಟ್ರೇಟ್. ಪ್ರೀಮಲ್ಟಿಪ್ಲೈಡ್ ಫೈಲನ್ನು ಸ್ಟ್ರೇಟ್ ಎಂದು ಸಾಫ್ಟ್‌ವೇರ್ ತಿಳಿದರೆ ಇನ್ನೊಮ್ಮೆ ಗುಣಿಸುತ್ತದೆ: 128 ಹೋಗಿ 64. ಹಿನ್ನೆಲೆಯ 100 ಸೇರಿದರೆ 164. ಲೋಗೊಗಿಂತಲೂ ಕಪ್ಪು, ಹಿನ್ನೆಲೆಗಿಂತಲೂ ಕಪ್ಪು. ನಿಮಗೆ ಕಾಣುತ್ತಿರುವ ಗೆರೆ ಅದೇ.

ಪ್ರೀಮಿಯರ್ ಪ್ರೊ, ಆಫ್ಟರ್ ಎಫೆಕ್ಟ್ಸ್‌ಗಳಲ್ಲಿ ಇಂಟರ್‌ಪ್ರೆಟ್ ಫೂಟೇಜ್ ಎಂಬಲ್ಲಿ, ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಆಲ್ಫಾ (ಪಾರದರ್ಶಕತೆಯ ಮಾಹಿತಿ) ಯಾವ ಬಗೆಯದು ಎಂದು ಬದಲಿಸಬಹುದು. ಮೂವ್ ಆಗುವ ಲೋಗೊ ಕ್ಲಿಪ್‌ಗಳಲ್ಲಿ ಹೆಚ್ಚಾಗಿ ಇಷ್ಟರಲ್ಲೇ ಸರಿಹೋಗುತ್ತದೆ. ನಿಮ್ಮದು ಪಿಎನ್‌ಜಿ ಆಗಿದ್ದರೆ ಕಥೆ ಬೇರೆ. ಪಿಎನ್‌ಜಿಯ ಮಾನದಂಡವೇ ಸ್ಟ್ರೇಟ್, ಅಲ್ಲಿ ಗೊಂದಲಕ್ಕೆ ಜಾಗ ಕಡಿಮೆ. ಪಿಎನ್‌ಜಿಯಲ್ಲೂ ಗೆರೆ ಇದೆಯೆಂದರೆ ಯಾರೋ ಕಪ್ಪು ಹಿನ್ನೆಲೆಯ ಜೆಪೆಗ್‌ನಿಂದ ಲೋಗೊ ಕತ್ತರಿಸಿ ಕೊಟ್ಟಿದ್ದಾರೆ, ಕಪ್ಪು ಅಂಚಿನ ಬಣ್ಣದೊಳಗೇ ಸೇರಿಕೊಂಡಿದೆ ಎಂದೇ ನಾನು ಮೊದಲು ಶಂಕಿಸುತ್ತೇನೆ. ಅದನ್ನು ಸವರುತ್ತ ಕೂರಬೇಡಿ, ಮೂಲ ವೆಕ್ಟರ್ ಫೈಲ್ ಕೇಳಿ ತರಿಸಿ ಅದರಿಂದ ಹೊಸ ಪಿಎನ್‌ಜಿ ಮಾಡಿ.

ನಡುಗುವ ಹೆಸರುಗಳು

ಹೆಸರುಗಳ ಪಟ್ಟಿಯ ಎತ್ತರ 1620 ಪಿಕ್ಸೆಲ್ ಎಂದಿಟ್ಟುಕೊಳ್ಳಿ. ಕೆಳಗಿನಿಂದ ಬಂದು ಮೇಲೆ ಪೂರ್ತಿ ಮರೆಯಾಗಲು ಅದು 1620 ಕೂಡಿಸು 1080, ಅಂದರೆ 2700 ಪಿಕ್ಸೆಲ್ ಸಾಗಬೇಕು. ಸೆಕೆಂಡಿಗೆ 25 ಫ್ರೇಮಿನಂತೆ 40 ಸೆಕೆಂಡ್ ಕೊಟ್ಟರೆ 1000 ಫ್ರೇಮ್, ಫ್ರೇಮಿಗೆ 2.7 ಪಿಕ್ಸೆಲ್. ಪರದೆಯಲ್ಲಿ 0.7 ಪಿಕ್ಸೆಲ್ ಎಂಬ ಜಾಗ ಇಲ್ಲ. ಹಾಗಾಗಿ ಪ್ರತಿ ಫ್ರೇಮಿನಲ್ಲೂ ಅಂಚಿನ ಬೂದು ಪಿಕ್ಸೆಲ್‌ಗಳು ಬೇರೆ ಬೇರೆ ಬಗೆಯಲ್ಲಿ ಬರೆಯಲ್ಪಡುತ್ತವೆ, ಅಡ್ಡಗೆರೆಗಳು ಒಮ್ಮೆ ಚೂಪು ಒಮ್ಮೆ ಮೆದುವಾಗಿ ಮಿನುಗುತ್ತವೆ. ಅದನ್ನೇ ನೀವು ನಡುಕ ಎಂದಿರುವುದು. ಅವಧಿಯನ್ನು 36 ಸೆಕೆಂಡಿಗೆ ಇಳಿಸಿ: 900 ಫ್ರೇಮ್, ಫ್ರೇಮಿಗೆ ಸರಿಯಾಗಿ 3 ಪಿಕ್ಸೆಲ್. ಅಕ್ಷರಗಳು ಪ್ರತಿ ಫ್ರೇಮಿನಲ್ಲೂ ಒಂದೇ ಆಕಾರದಲ್ಲಿ ಸರಿಯುತ್ತವೆ. ಶುರು ಮತ್ತು ಕೊನೆಯಲ್ಲಿ ವೇಗ ನಿಧಾನವಾಗುವ ಈಸ್ ಹಾಕಿದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ತೀರಾ ತೆಳು ಗೆರೆಯ ಫಾಂಟ್ ಕೂಡ ಇಲ್ಲಿ ಬೇಡ.

ಇಷ್ಟು ಮಾಡಿಯೂ ಗಕ್ಕೆಂದು ಎಳೆದಂತೆ ಕಂಡರೆ ಫ್ರೇಮ್ ರೇಟ್ ನೋಡಿ. ಟೈಮ್‌ಲೈನ್ 25, ಎಕ್ಸ್‌ಪೋರ್ಟ್ 30 ಇದ್ದರೆ ಪ್ರತಿ ಐದು ಫ್ರೇಮಿಗೆ ಒಂದು ಎರಡು ಸಲ ಬರುತ್ತದೆ, ಚಲನೆ ಅಲ್ಲಲ್ಲಿ ನಿಂತು ಮುಂದೆ ಹೋಗುತ್ತದೆ. ಎರಡೂ 25 ಇದ್ದು ನಿಮ್ಮ ಮಾನಿಟರ್ 60 ಹರ್ಟ್ಸ್ ಆಗಿದ್ದರೂ ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ ತೋರುವುದರಿಂದ ಸ್ವಲ್ಪ ತಡವರಿಸಿದಂತೆ ಕಾಣುತ್ತದೆ. ಅದು ಫೈಲಿನ ದೋಷವಲ್ಲ, ತಿದ್ದಲು ಹೋಗಬೇಡಿ.

ಪಿಎನ್‌ಜಿಯೇ ಮಬ್ಬಾಗಿ ಬಂದರೆ

ನಿಮ್ಮ ಪ್ರಶ್ನೆಯಲ್ಲಿ ಇದು ಇಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನನ್ನ ಬಳಿ ಬರುವ 'ಎಕ್ಸ್‌ಪೋರ್ಟ್ ಮಬ್ಬು' ದೂರುಗಳಲ್ಲಿ ಬಹಳಷ್ಟು ಇಲ್ಲೇ ತೀರುತ್ತವೆ. ಟೈಟಲ್ ಬರೆದದ್ದು ಚಿಕ್ಕ ಗಾತ್ರದಲ್ಲಿ, ತೋರಿಸಿದ್ದು ದೊಡ್ಡ ಗಾತ್ರದಲ್ಲಿ. ಇದು ಹೇಗೆಲ್ಲ ಆಗುತ್ತದೆ ನೋಡಿ: 1080ರ ಸೀಕ್ವೆನ್ಸನ್ನು ನೆಸ್ಟ್ ಮಾಡಿ (ಒಂದರೊಳಗೆ ಇನ್ನೊಂದನ್ನು ಇಟ್ಟು) 4ಕೆ ಸೀಕ್ವೆನ್ಸಿನಲ್ಲಿ ಹಿಗ್ಗಿಸಿದರೆ ಒಳಗಿನ ಟೈಟಲ್ ಮೊದಲು 1080ಕ್ಕೆ ಪಿಕ್ಸೆಲ್ ಆಗಿ ಆಮೇಲೆ ಹಿಗ್ಗುತ್ತದೆ. ಪ್ರೀಮಿಯರ್‌ನಲ್ಲಿ ಟೈಟಲನ್ನು ಮೋಷನ್ ಕೆಳಗಿನ ಸ್ಕೇಲ್‌ನಿಂದ ದೊಡ್ಡದು ಮಾಡಿದರೂ ಇದೇ ಗತಿ. ಅಲ್ಲಿ ವೆಕ್ಟರ್ ಮೋಷನ್ ಎಂಬ ಬೇರೆ ಹಿಡಿಕೆ ಇರುವುದೇ ಇದಕ್ಕಾಗಿ, ಅದನ್ನು ಬಳಸಿ. ಆಫ್ಟರ್ ಎಫೆಕ್ಟ್ಸ್‌ಗೆ ತಂದ ಇಲ್ಲಸ್ಟ್ರೇಟರ್ ಲೋಗೊಗೆ ಕಂಟಿನ್ಯುಅಸ್ಲಿ ರಾಸ್ಟರೈಜ್ ಸ್ವಿಚ್ ಹಾಕಿ. ಪ್ರೀಮಿಯರ್‌ನಲ್ಲಿ ದೊಡ್ಡ ಚಿತ್ರಗಳಿಗೆ ಸ್ಕೇಲ್ ಟು ಫ್ರೇಮ್ ಸೈಜ್ ಬದಲು ಸೆಟ್ ಟು ಫ್ರೇಮ್ ಸೈಜ್ ಆರಿಸಿ. ಮೊದಲನೆಯದು ಚಿತ್ರವನ್ನು ಕುಗ್ಗಿಸಿಟ್ಟುಕೊಂಡು ಹೆಚ್ಚುವರಿ ಪಿಕ್ಸೆಲ್‌ಗಳನ್ನು ಬಿಟ್ಟುಬಿಡುತ್ತದೆ, ಆಮೇಲೆ ಜೂಮ್ ಮಾಡಿದರೆ ಮಬ್ಬು.

ಎಕ್ಸ್‌ಪೋರ್ಟ್ ಕಿಟಕಿಯಲ್ಲಿರುವ ಚಿಕ್ಕ ಟಿಕ್ ಗುರುತುಗಳನ್ನೂ ಒಮ್ಮೆ ಓದಿ. ಪ್ರೀಮಿಯರ್‌ನ ಯೂಸ್ ಪ್ರಿವ್ಯೂಸ್, ರಿಸಾಲ್ವ್‌ನ ರೆಂಡರ್ ಕ್ಯಾಶ್ ಮತ್ತು ಪ್ರಾಕ್ಸಿ (ಎಡಿಟ್‌ಗೆಂದು ಮಾಡಿಕೊಳ್ಳುವ ಹಗುರ ಪ್ರತಿ) ಬಳಸುವ ಆಯ್ಕೆ, ಶಾಟ್‌ಕಟ್‌ನ ಪ್ರಿವ್ಯೂ ಸ್ಕೇಲಿಂಗ್, ಕೆಡೆನ್‌ಲೈವ್‌ನ ಪ್ರಾಕ್ಸಿ ಕ್ಲಿಪ್ ಇವೆಲ್ಲ ಸಮಯ ಉಳಿಸಲು ಇರುವಂಥವು. ಪ್ರಿವ್ಯೂ ಫೈಲನ್ನು ಕಡಿಮೆ ಗುಣಮಟ್ಟದಲ್ಲಿ ಮಾಡಿಟ್ಟಿದ್ದರೆ ಅದೇ ಅಂತಿಮ ವಿಡಿಯೊಗೂ ಹೋಗಿ ಕೂರುತ್ತದೆ. ಅಂತಿಮ ಎಕ್ಸ್‌ಪೋರ್ಟ್‌ನಲ್ಲಿ ನಾನು ಇವನ್ನು ಆಫ್ ಮಾಡಿಯೇ ಇಡುತ್ತೇನೆ.

ಗ್ರಾಫಿಕ್ಸ್ ಕಾರ್ಡ್ ವಿಚಾರ. ಹೊಸ ಕಾರ್ಡ್ ರೆಂಡರ್ ಬೇಗ ಮುಗಿಸುತ್ತದೆ. ಬಣ್ಣವನ್ನು 960×540ಕ್ಕೆ ಇಳಿಸುವ ನಿಯಮವನ್ನಾಗಲಿ, ಫ್ರೇಮಿಗೆ 2.7 ಪಿಕ್ಸೆಲ್ ಎಂಬ ಲೆಕ್ಕವನ್ನಾಗಲಿ ಅದು ಬದಲಿಸುವುದಿಲ್ಲ. ಕಾರ್ಡಿನೊಳಗಿನ ಹಾರ್ಡ್‌ವೇರ್ ಎನ್‌ಕೋಡರ್‌ಗೂ ಸಾಫ್ಟ್‌ವೇರ್ ಎನ್‌ಕೋಡರ್‌ಗೂ ಕಡಿಮೆ ಬಿಟ್‌ರೇಟ್‌ನಲ್ಲಿ ಗುಣಮಟ್ಟದ ವ್ಯತ್ಯಾಸ ಕಾಣಬಹುದು. ಅದನ್ನು ಪರೀಕ್ಷಿಸಲು ದುಡ್ಡು ಬೇಕಿಲ್ಲ, ಹತ್ತು ಸೆಕೆಂಡಿನ ತುಂಡನ್ನು ಎರಡೂ ಬಗೆಯಲ್ಲಿ ಎಕ್ಸ್‌ಪೋರ್ಟ್ ಮಾಡಿ ನೋಡಿದರೆ ಆಯಿತು.

ಇನ್ನು ಹಳೆಯ ವಿಡಿಯೊಗಳು. ನಿಮ್ಮ ಬಳಿ ಎಂಪಿ4 ಮಾತ್ರ ಇದ್ದರೆ ಅಕ್ಷರದ ಹೋದ ಬಣ್ಣವನ್ನು ಮರಳಿ ಪಡೆಯಲಾಗದು. ಶಾರ್ಪನ್ ಎಫೆಕ್ಟ್ ಹಾಕಿದರೆ ಅಂಚಿನಲ್ಲಿ ಬಿಳಿ ಪ್ರಭೆ ಹುಟ್ಟಿ ಇನ್ನೂ ಅಸಹ್ಯವಾಗುತ್ತದೆ. ಟೈಟಲ್ ಪಟ್ಟಿಯ ಮೇಲಿದೆ ಎಂದಿರಲ್ಲ, ಅದೊಂದು ಅನುಕೂಲ: ಹಳೆಯ ಪಟ್ಟಿ ಪೂರ್ತಿ ಮುಚ್ಚುವಂತೆ ಅಪಾರದರ್ಶಕ ಹೊಸ ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ ಇಟ್ಟು ಮತ್ತೆ ಎಕ್ಸ್‌ಪೋರ್ಟ್ ಮಾಡಬಹುದು. ಉಳಿದ ದೃಶ್ಯ ಇನ್ನೊಂದು ಸಲ ಕುಗ್ಗುತ್ತದೆ, ಆ ನಷ್ಟ ಒಪ್ಪಿಗೆಯಿದ್ದರೆ ಮಾತ್ರ. ಪ್ರಾಜೆಕ್ಟ್ ಫೈಲ್ ಇದ್ದರೆ ಅದನ್ನೇ ತೆರೆದು ತಿದ್ದುವುದು ಎಲ್ಲಕ್ಕಿಂತ ಒಳ್ಳೆಯದು. ಆಗ ಎಂಪಿ4 ಜೊತೆಗೆ ಒಂದು ಮಾಸ್ಟರ್ (ಹೆಚ್ಚು ಗುಣಮಟ್ಟದ ಮೂಲ ಪ್ರತಿ) ಕೂಡ ಮಾಡಿಟ್ಟುಕೊಳ್ಳಿ. ಅದಕ್ಕೆ ಬಳಸುವ ಪ್ರೋರೆಸ್ 422 ಎಚ್‌ಕ್ಯೂ ಎಂಬ ಬಗೆಯ ಫೈಲ್ 1080ಪಿಯಲ್ಲಿ ಸೆಕೆಂಡಿಗೆ 30 ಫ್ರೇಮ್ ಇದ್ದಾಗ ಸುಮಾರು 220 ಎಂಬಿಪಿಎಸ್, ನಿಮಿಷಕ್ಕೆ ಒಂದೂವರೆ ಜಿಬಿಗೂ ಮೇಲೆ ಜಾಗ ತಿನ್ನುತ್ತದೆ. ಬಣ್ಣ ಕತ್ತರಿಸದೆ ಇಡುವುದು ಪ್ರೋರೆಸ್ 4444, ಅದು ಇನ್ನೂ ದೊಡ್ಡದು. ಗ್ರಾಫಿಕ್ಸ್ ಹೆಚ್ಚಿರುವ, ಮತ್ತೆ ಮತ್ತೆ ಬಳಸುವ ತುಂಡುಗಳಿಗೆ ಮಾತ್ರ ಅದನ್ನು ಇಡಿ.

ಹಳೆಯ ಪ್ರಾಜೆಕ್ಟ್ ತೆರೆದಾಗ ಫಾಂಟ್ ಸಿಗುತ್ತಿಲ್ಲ ಎಂಬ ಎಚ್ಚರಿಕೆ ಬಂದರೆ ಸರಿ ಎಂದು ಒತ್ತಿ ಮುಂದೆ ಹೋಗಬೇಡಿ. ಸಾಫ್ಟ್‌ವೇರ್ ಬೇರೊಂದು ಫಾಂಟ್ ಹಾಕಿಕೊಳ್ಳುತ್ತದೆ, ಸಾಲಿನ ಅಗಲ ಬದಲಾಗಿ ಪಟ್ಟಿಯಿಂದ ಅಕ್ಷರ ಆಚೆ ಬರುತ್ತದೆ, ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುವುದೂ ಉಂಟು. ಅದೇ ಫಾಂಟನ್ನು ಹಾಕಿಕೊಂಡು ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಫಾಂಟ್ ಇದ್ದೂ ಒತ್ತಕ್ಷರ ಒಡೆದಿದ್ದರೆ ಪ್ರಿಫರೆನ್ಸಸ್‌ನಲ್ಲಿ ಟೆಕ್ಸ್ಟ್ ಇಂಜಿನ್ ಎಂಬ ಆಯ್ಕೆ ಇದೆಯೇ ಹುಡುಕಿ, ಇದ್ದರೆ ದಕ್ಷಿಣ ಏಷ್ಯಾದ ಲಿಪಿಗಳಿಗೆ ಇರುವುದನ್ನು ಆರಿಸಿ, ಆ ಟೈಟಲನ್ನು ಹೊಸದಾಗಿ ಟೈಪ್ ಮಾಡಿ.